ನೋಡಿ ಎಂದರೆ ಸಾಲದು, ಹೇಗೆ ಎಂದೂ ಹೇಳಿ

ಮಾನ್ಯ ಸಂಪಾದಕರೇ,

‘ದಿನನಿತ್ಯದ ಬದುಕಿನಲ್ಲಿ ಕಲಾವಿದರ ಮನಸ್ಸು ಬೆಳೆಸಿಕೊಳ್ಳಿ’ ಎಂಬ ಧಾಟಿಯ ಬರಹಗಳು ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಬರುತ್ತಿರುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಓದಿ ಮುಗಿಸಿದವರು ಎದ್ದು ಏನು ಮಾಡಬೇಕು ಎಂಬುದು ಅವುಗಳಲ್ಲಿ ಇರುವುದಿಲ್ಲ. ‘ಸುತ್ತಲಿನ ಚೆಲುವನ್ನು ಗಮನಿಸಿ’, ‘ಒಳಗಿನ ಮಗುವನ್ನು ಎಬ್ಬಿಸಿ’, ‘ತಪ್ಪಿಗೆ ಹೆದರಬೇಡಿ’ ಎಂದಿಷ್ಟು ಹೇಳಿ ಮುಗಿಸುವುದು, ಈಜು ಕಲಿಯಲು ಬಂದವನಿಗೆ ‘ನೀರನ್ನು ಪ್ರೀತಿಸು’ ಎಂದು ಹೇಳಿ ಕಳಿಸಿದ ಹಾಗೆ. ಚಿತ್ರಕಲೆ ಕಲಿಸುವವರಾಗಿ ನಮ್ಮ ತಕರಾರು ಇಷ್ಟು: ಕಲಾವಿದರ ಮನಸ್ಸು ಎನ್ನುವುದು ಒಂದು ಕೆಲಸದ ಅಭ್ಯಾಸ. ಕಂಡ ವಸ್ತುವಿಗೆ ಹೆಸರು ಹಚ್ಚಿ ಮುಂದೆ ಹೋಗುವ ಮೊದಲು ಅದನ್ನು ನೋಡುವುದೇ ಅದರ ತಿರುಳು. ಈ ಅಭ್ಯಾಸಕ್ಕೆ ಅಳತೆ ಇದೆ, ಹಂತಗಳಿವೆ, ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿದೆ. ಅದನ್ನು ಹೇಳದೆ ಬರೀ ಮನಸ್ಸಿನ ಮಾತಾಡಿದರೆ ಓದುಗರಿಗೆ ಸಿಗುವುದು ಒಂದು ಸಂಜೆಯ ಹುರುಪು ಮಾತ್ರ.

ನಾವು ನೋಡುತ್ತಿಲ್ಲ ಎಂಬುದನ್ನು ಮನದಟ್ಟು ಮಾಡಿಕೊಳ್ಳಲು ಐದು ನಿಮಿಷ ಸಾಕು. ಕನ್ನಡಿಯ ಎದುರು ನೇರವಾಗಿ ನಿಲ್ಲಿ. ಕೈಯಲ್ಲಿ ಒಂದು ಚೂರು ಸೋಪು ಇರಲಿ. ಕನ್ನಡಿಯ ಗಾಜಿನ ಮೇಲೆ ನಿಮ್ಮ ತಲೆ ಎಷ್ಟು ಉದ್ದ ಕಾಣುತ್ತಿದೆ ಎಂದು ಮೊದಲು ಊಹಿಸಿ. ‘ತಲೆಯಷ್ಟೇ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಈಗ ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ, ಪ್ರತಿಬಿಂಬದ ನೆತ್ತಿ ಇರುವಲ್ಲಿ ಒಂದು ಗೀಟು, ಗದ್ದದ ತುದಿಯಲ್ಲಿ ಒಂದು ಗೀಟು ಎಳೆಯಿರಿ. ಸ್ಕೇಲಿಟ್ಟು ಅಳೆಯಿರಿ. ತಲೆ 22 ಸೆಂ.ಮೀ. ಇದ್ದರೆ ಗೀಟುಗಳ ನಡುವಿನ ಅಂತರ 11 ಸೆಂ.ಮೀ. ಬರುತ್ತದೆ, ಸರಿಯಾಗಿ ಅರ್ಧ. ಎರಡು ಹೆಜ್ಜೆ ಹಿಂದೆ ಸರಿದು, ಬಾಗದೆ, ಅದೇ ಕಣ್ಣಿನಿಂದ ಮತ್ತೆ ನೋಡಿ. ಪ್ರತಿಬಿಂಬ ಅದೇ ಎರಡು ಗೀಟುಗಳ ನಡುವೆ ಬಂದು ಕೂರುತ್ತದೆ! ಕಾರಣ ಸರಳ: ಪ್ರತಿಬಿಂಬ ಇರುವುದು ಕನ್ನಡಿಯ ಹಿಂದೆ, ನೀವು ಎಷ್ಟು ಮುಂದಿದ್ದೀರೋ ಅಷ್ಟೇ ದೂರದಲ್ಲಿ. ಗಾಜು ಯಾವಾಗಲೂ ಕಣ್ಣಿಗೂ ಪ್ರತಿಬಿಂಬಕ್ಕೂ ನಟ್ಟನಡುವೆ ಇರುವುದರಿಂದ ಅದರ ಮೇಲೆ ಬೀಳುವ ಅಳತೆ ಯಾವಾಗಲೂ ಅರ್ಧ. ಪ್ರಯೋಗ ಕೈಕೊಟ್ಟರೆ, ಎರಡೂ ಕಣ್ಣು ತೆರೆದಿಟ್ಟಿರಬೇಕು ಅಥವಾ ಗೀಟು ಎಳೆಯುವಾಗ ಕತ್ತು ಬಗ್ಗಿಸಿರಬೇಕು.

ದಿನಾ ಬೆಳಗಾದರೆ ನೋಡುವ ಮುಖದ ಅಳತೆಯೇ ಗೊತ್ತಿಲ್ಲವೆಂದರೆ ಮಿಕ್ಕಿದ್ದರ ಗತಿ ಏನು? ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಮಿದುಳು ತಿದ್ದಿಯೇ ನಮಗೆ ಕೊಡುತ್ತದೆ. ದೂರದಿಂದ ಬರುತ್ತಿರುವ ಮನುಷ್ಯ ಹತ್ತಿರವಾದಂತೆ ಬೆಳೆಯುತ್ತಿದ್ದಾನೆ ಎಂದು ನಮಗೆ ಅನ್ನಿಸುವುದಿಲ್ಲ. ಅನ್ನಿಸಿದ್ದರೆ ರಸ್ತೆ ದಾಟುವುದೇ ಕಷ್ಟವಾಗುತ್ತಿತ್ತು. ಬದುಕಲು ಬೇಕಾದ ಈ ತಿದ್ದುಪಡಿಯೇ ನೋಡುವುದಕ್ಕೆ ಅಡ್ಡ ಬರುತ್ತದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಥೌಲೆಸ್ 1931ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಓರೆಯಾಗಿಟ್ಟ ದುಂಡು ಬಿಲ್ಲೆಯನ್ನು ನೋಡಿ, ಅದು ಕಾಣುವ ಆಕಾರವನ್ನು ಗುರುತಿಸಿ ಎಂದಾಗ, ಜನ ಕಣ್ಣಿಗೆ ಬೀಳುವ ಚಪ್ಪಟೆ ಆಕಾರಕ್ಕಿಂತ ದುಂಡಗಿನದನ್ನೇ ಆರಿಸಿದರು. ‘ಬಿಲ್ಲೆ ದುಂಡಗಿರುತ್ತದೆ’ ಎಂಬ ತಿಳಿವಳಿಕೆ ಕಣ್ಣಿನ ಸಾಕ್ಷಿಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಮೇಜಿನ ಮೇಲಿನ ಲೋಟವನ್ನು ಹೊಸಬರು ಬರೆದಾಗ ಅದರ ಬಾಯಿ ಇರಬೇಕಾದ್ದಕ್ಕಿಂತ ಹೆಚ್ಚು ತೆರೆದುಕೊಂಡು ಕೂರುವುದು ಇದೇ ಕಾರಣಕ್ಕೆ. ಮುಖ ಬರೆಯುವಾಗ ಕಣ್ಣುಗಳನ್ನು ತೀರಾ ಮೇಲಕ್ಕೆ, ಹಣೆಯ ಜಾಗಕ್ಕೆ ಏರಿಸುವುದೂ ಹೀಗೆಯೇ. ನೆತ್ತಿಯಿಂದ ಗದ್ದದವರೆಗೆ ಸ್ಕೇಲನ್ನು ನೇರವಾಗಿ ಹಿಡಿದು ನೋಡಿದರೆ ಕಣ್ಣುಗಳು ಹೆಚ್ಚುಕಡಿಮೆ ನಡುಮಧ್ಯದಲ್ಲಿರುತ್ತವೆ. ಆದರೆ ನಮಗೆ ಮುಖವೆಂದರೆ ಕಣ್ಣು, ಮೂಗು, ಬಾಯಿ. ಅವುಗಳ ಮೇಲಿರುವ ಅರ್ಧ ತಲೆಗೆ ವಿಶೇಷ ಹೆಸರಿಲ್ಲ. ಹೆಸರಿಲ್ಲದ್ದು ಚಿತ್ರದಲ್ಲಿ ಕುಗ್ಗುತ್ತದೆ.

ಹಾಗಾದರೆ ಮೊದಲ ಕೆಲಸ, ಹೆಸರನ್ನು ಸ್ವಲ್ಪ ಹೊತ್ತು ಆಚೆಗಿಡುವುದು. ಇದನ್ನು ಮನಸ್ಸಿಗೆ ಆಜ್ಞೆ ಮಾಡಿ ಸಾಧಿಸಲಾಗದು, ಕೈಗೆ ಕೆಲಸ ಕೊಟ್ಟೇ ಸಾಧಿಸಬೇಕು. ಚಿತ್ರಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ಹಾಳೆ ನೋಡದೆ ಅಂಚು ಬರೆಯುವ ಅಭ್ಯಾಸ ಇದಕ್ಕೆ ಹೇಳಿ ಮಾಡಿಸಿದ್ದು. ಎ4 ಅಳತೆಯ ಒಂದು ಹಾಳೆಯನ್ನು ಮೇಜಿಗೆ ನಾಲ್ಕೂ ಮೂಲೆ ಟೇಪು ಹಚ್ಚಿ ಕೂರಿಸಿ, ಇಲ್ಲದಿದ್ದರೆ ಹಾಳೆ ಕೈಯ ಜೊತೆ ಜಾರುತ್ತದೆ. 2ಬಿ ಪೆನ್ಸಿಲ್ ಸಾಕು. ಅಂಗೈಯಗಲದ ರಟ್ಟಿನ ನಡುವೆ ತೂತು ಮಾಡಿ, ಪೆನ್ಸಿಲನ್ನು ಅದರಲ್ಲಿ ತೂರಿಸಿ, ರಟ್ಟು ಬೆರಳುಗಳ ಮೇಲೆ ಕೊಡೆಯಂತೆ ಕೂರುವ ಹಾಗೆ ಹಿಡಿಯಿರಿ. ಗೆರೆ ಕಣ್ಣಿಗೆ ಬೀಳಬಾರದು. ಎದುರಿಗೆ ನಿಮ್ಮ ಇನ್ನೊಂದು ಕೈಯನ್ನು, ಬೆರಳು ಅರೆಮಡಿಸಿ, ಆರಾಮವಾಗಿ ಇಡಿ. ಗಡಿಯಾರದಲ್ಲಿ ಐದು ನಿಮಿಷ ಇಟ್ಟುಕೊಳ್ಳಿ. ಕಿರುಬೆರಳ ಬುಡದಲ್ಲಿ ಅಂಚಿನ ಒಂದು ಚುಕ್ಕೆಯನ್ನು ಹಿಡಿದು, ಅಲ್ಲಿ ಒಂದು ಇರುವೆ ಹೊರಟಿದೆ ಎಂದುಕೊಳ್ಳಿ. ಇರುವೆ ಎಷ್ಟು ನಿಧಾನಕ್ಕೆ ಹೋಗುತ್ತದೋ ಕಣ್ಣು ಅಷ್ಟೇ ನಿಧಾನಕ್ಕೆ ಹೋಗಬೇಕು, ಪೆನ್ಸಿಲ್ ಕಣ್ಣಿನಷ್ಟೇ ವೇಗದಲ್ಲಿ ಹಾಳೆಯ ಮೇಲೆ ಸರಿಯಬೇಕು. ಗೆಣ್ಣಿನ ಸುಕ್ಕು ಎದುರಾದರೆ ಇರುವೆ ಅದರೊಳಗೆ ಇಳಿದು ಹತ್ತಬೇಕು.

ನಿಧಾನಕ್ಕೆ ಒಂದು ದೈಹಿಕ ಕಾರಣವಿದೆ. ಕಣ್ಣಿಗೆ ನಿಚ್ಚಳವಾಗಿ ಕಾಣುವ ಜಾಗ ತೀರಾ ಚಿಕ್ಕದು. ಕೈ ನೀಳವಾಗಿ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲದಷ್ಟು, ಅಂದರೆ ಸುಮಾರು ಎರಡು ಡಿಗ್ರಿ. ಉಳಿದದ್ದೆಲ್ಲ ಮಸುಕು. ಆ ಮಸುಕನ್ನು ನೆನಪಿನಿಂದ ತುಂಬಿಸಿ ಮಿದುಳು ನಮಗೆ ‘ಎಲ್ಲವೂ ಕಾಣುತ್ತಿದೆ’ ಎಂಬ ಭ್ರಮೆ ಕೊಡುತ್ತದೆ. ಗಡಿಬಿಡಿಯಲ್ಲಿ ಬರೆದವರು ಬರೆಯುವುದು ಈ ತುಂಬಿಸಿದ ಭಾಗವನ್ನು. ಇರುವೆಯ ವೇಗದಲ್ಲಿ ಹೋದವರ ಕಣ್ಣು ಮಾತ್ರ ಅಂಚಿನ ಪ್ರತಿಯೊಂದು ಚೂರನ್ನೂ ಆ ಹೆಬ್ಬೆರಳಗಲದ ನಿಚ್ಚಳ ಜಾಗಕ್ಕೆ ತಂದುಕೊಳ್ಳುತ್ತದೆ.

ಇಲ್ಲಿ ಆಗುವ ಎಡವಟ್ಟುಗಳು ಗೊತ್ತಿರುವಂಥವೇ. ಕಣ್ಣು ಮುಂದೋಡಿ ಪೆನ್ಸಿಲ್ ಹಿಂದುಳಿಯುವುದು ಒಂದು. ಹಾಗಾದಾಗ ಎರಡನ್ನೂ ನಿಲ್ಲಿಸಿ, ಕಣ್ಣನ್ನು ಪೆನ್ಸಿಲ್ ಇರುವ ಜಾಗಕ್ಕೆ ಹಿಂದಕ್ಕೆ ತನ್ನಿ. ಒಂದೇ ನಿಮಿಷದಲ್ಲಿ ಕೈಯ ಸುತ್ತ ಒಂದು ಸುತ್ತು ಹೊಡೆದು ‘ಆಯ್ತು’ ಎನ್ನುವುದು ಇನ್ನೊಂದು. ಐದು ನಿಮಿಷದಲ್ಲಿ ಎರಡು ಬೆರಳು ಮುಗಿದರೆ ಸರಿಯಾದ ವೇಗ ಎಂದುಕೊಳ್ಳಬಹುದು. ಎಲ್ಲಕ್ಕಿಂತ ದೊಡ್ಡದು, ಮುಗಿದ ಮೇಲೆ ಚಿತ್ರ ನೋಡಿ ನಕ್ಕು ಹಾಳೆಯನ್ನು ಮುದುಡಿ ಎಸೆಯುವುದು. ಚಿತ್ರ ವಿಕಾರವಾಗಿಯೇ ಇರುತ್ತದೆ. ಬೆರಳುಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಗೆರೆ ಶುರುವಾದ ಜಾಗಕ್ಕೆ ಬಂದು ಸೇರುವುದಿಲ್ಲ. ಒಟ್ಟು ಆಕಾರವನ್ನು ಬಿಟ್ಟು, ಗೆರೆಯ ಎರಡು ಸೆಂ.ಮೀ. ತುಂಡನ್ನು ಹತ್ತಿರದಿಂದ ನೋಡಿ. ಗೆಣ್ಣಿನ ಬಳಿ ಗೆರೆ ಹೇಗೆ ತಡವರಿಸಿದೆ, ಉಗುರಿನ ಅಂಚಿನಲ್ಲಿ ಹೇಗೆ ಚುರುಕಾಗಿ ತಿರುಗಿದೆ ಎಂಬುದು ಅಲ್ಲಿರುತ್ತದೆ. ನೆನಪಿನಿಂದ ಬರೆದ ಬಾಳೆಗೊನೆಯಂಥ ಬೆರಳುಗಳಲ್ಲಿ ಇದು ಎಂದೂ ಇರುವುದಿಲ್ಲ. ಹಾಳೆಗೆ ತಾರೀಖು ಹಾಕಿ ಎತ್ತಿಡಿ.

ಖಾಲಿ ಜಾಗ ಬರೆಯುವುದು ಇದರ ತಂಗಿ ಇದ್ದ ಹಾಗೆ. ರಟ್ಟಿನಲ್ಲಿ 4 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ ಕಿಂಡಿ ಕತ್ತರಿಸಿ, ಅದರ ಮೂಲಕ ಒಂದು ಕುರ್ಚಿಯನ್ನು ನೋಡಿ. ಕುರ್ಚಿಯ ಎರಡು ಕಡೆಯಾದರೂ ಕಿಂಡಿಯ ಅಂಚಿಗೆ ತಾಗಬೇಕು. ಈಗ ಕುರ್ಚಿಯನ್ನು ಬಿಡಿ, ಕಾಲುಗಳ ನಡುವಿನ, ಕೈಗಳ ಸಂದಿನ, ಕಿಂಡಿಯ ಅಂಚಿಗೂ ಬೆನ್ನಿಗೂ ನಡುವಿನ ಖಾಲಿ ತುಂಡುಗಳನ್ನು ಒಂದೊಂದಾಗಿ ಬರೆಯಿರಿ. ಹಾಳೆಯ ಮೇಲೂ ಅದೇ ಅನುಪಾತದ, 8ಕ್ಕೆ 12 ಸೆಂ.ಮೀ. ಚೌಕಟ್ಟು ಮೊದಲೇ ಹಾಕಿಕೊಂಡಿರಬೇಕು. ಹಾಕದವರ ಚಿತ್ರ ಒಂದು ಕಡೆಗೆ ಜಾರುತ್ತದೆ. ‘ಕುರ್ಚಿಗೆ ನಾಲ್ಕು ಕಾಲು’ ಎಂಬ ತಿಳಿವಳಿಕೆಗೆ ಇಲ್ಲಿ ಕೆಲಸವಿಲ್ಲ. ಕಾಲುಗಳ ನಡುವಿನ ವಕ್ರ ಚೌಕಕ್ಕೆ ಯಾವ ಭಾಷೆಯಲ್ಲೂ ಹೆಸರಿಲ್ಲದಿರುವುದರಿಂದ ಅದನ್ನು ಇದ್ದ ಹಾಗೆ ನೋಡದೆ ಬೇರೆ ದಾರಿಯೇ ಇರುವುದಿಲ್ಲ. ಖಾಲಿಗಳೆಲ್ಲ ಮುಗಿಯುವಾಗ ಕುರ್ಚಿ ತಾನೇ ಎದ್ದು ನಿಂತಿರುತ್ತದೆ.

ಪೆನ್ಸಿಲ್ ಹಿಡಿದು ದೂರದ ಅಳತೆ ತೆಗೆಯುವವರನ್ನು ಓದುಗರು ಚಿತ್ರಗಳಲ್ಲಿ ನೋಡಿರುತ್ತಾರೆ. ಅದರಲ್ಲಿ ಒಂದೇ ಗುಟ್ಟು, ಮೊಣಕೈ ಮಡಚಬಾರದು. ಕೈ ಪೂರ್ತಿ ಚಾಚಿದ್ದರೆ ಕಣ್ಣಿಗೂ ಪೆನ್ಸಿಲ್‌ಗೂ ಅಂತರ ಪ್ರತಿ ಸಲ ಒಂದೇ ಇರುತ್ತದೆ. ಮಡಚಿದ ಕೂಡಲೇ ಅಳತೆಗೋಲೇ ಬದಲಾದಂತೆ.

ಬಣ್ಣದ ವಿಷಯ ಇನ್ನೂ ಸೊಗಸಾಗಿದೆ, ಸ್ವಲ್ಪ ನಿಂತು ಹೇಳಬೇಕು. ಪ್ಯಾರಿಸ್ಸಿನ ಗೋಬೆಲಾಂ ಎಂಬ ಚಿತ್ರಕಂಬಳಿಗಳ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮೇಲ್ವಿಚಾರಕನಾಗಿದ್ದವನು ಮಿಶೆಲ್ ಯೂಜೆನ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ. ಅಲ್ಲಿನ ಕಪ್ಪು ಬಣ್ಣ ಗಾಢವಾಗಿಲ್ಲ, ಸಪ್ಪೆಯಾಗಿದೆ ಎಂಬ ದೂರು ಅವನ ಬಳಿಗೆ ಬಂತು. ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದ. ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ನೆರೆಯಲ್ಲಿತ್ತು. ಕಪ್ಪು ನೂಲಿನ ಪಕ್ಕದಲ್ಲೇ ನೀಲಿ, ನೇರಳೆ ನೂಲು ಇದ್ದಾಗ ಕಪ್ಪು ತನ್ನ ಕಸುವು ಕಳೆದುಕೊಳ್ಳುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ 1839ರಲ್ಲಿ ಆತ ಪ್ರಕಟಿಸಿದ ನಿಯಮಗಳು ಮುಂದೆ ಚಿತ್ರಕಾರರ ಎರಡು ತಲೆಮಾರುಗಳಿಗೆ ಪಾಠವಾದವು. (ಈತ ಬದುಕಿದ್ದು 102 ವರ್ಷ. ಬಣ್ಣ ನೋಡುವುದಕ್ಕೂ ಆಯುಸ್ಸಿಗೂ ಸಂಬಂಧವಿದೆ ಎಂದು ಯಾರೂ ಪುರವಣಿಯಲ್ಲಿ ಬರೆಯದಿರಲಿ!)

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಬೂದು ಕಾಗದದಿಂದ 3 ಸೆಂ.ಮೀ. ಚೌಕದ ಎರಡು ತುಂಡು ಕತ್ತರಿಸಿ. ಒಂದನ್ನು ಕಪ್ಪು ಹಾಳೆಯ ನಡುವೆ, ಇನ್ನೊಂದನ್ನು ಬಿಳಿ ಹಾಳೆಯ ನಡುವೆ ಇಟ್ಟು, ಎರಡೂ ಹಾಳೆಗಳನ್ನು ಪಕ್ಕಪಕ್ಕ ಜೋಡಿಸಿ. ಕಪ್ಪಿನ ಮೇಲಿನದು ತಿಳಿಯಾಗಿಯೂ ಬಿಳಿಯ ಮೇಲಿನದು ಗಾಢವಾಗಿಯೂ ಕಾಣುತ್ತದೆ. ಎರಡೂ ಒಂದೇ ಎಂದು ಗೊತ್ತಿದ್ದರೂ ಹಾಗೆಯೇ ಕಾಣುತ್ತದೆ, ಅದೇ ಮಜಾ. ಈಗ ಒಂದು ರಟ್ಟಿನಲ್ಲಿ ಎರಡು ತೂತು ಕೊರೆದು, ಸುತ್ತಲಿನದು ಮುಚ್ಚಿ ಎರಡು ಬೂದು ತುಂಡುಗಳು ಮಾತ್ರ ಕಾಣುವ ಹಾಗೆ ಮೇಲಿಡಿ. ಥಟ್ಟನೆ ಎರಡೂ ಒಂದಾಗುತ್ತವೆ. ಈ ತೂತಿನ ರಟ್ಟು ಜೇಬಿನಲ್ಲಿರಲಿ, ಬಹಳ ಕೆಲಸಕ್ಕೆ ಬರುತ್ತದೆ. ‘ಬಿಳಿ’ ಗೋಡೆಯ ಕಿಟಕಿ ಹತ್ತಿರದ ಭಾಗವನ್ನೂ ಮೂಲೆಯ ಭಾಗವನ್ನೂ ಅದರ ಮೂಲಕ ಒಂದಾದ ಮೇಲೊಂದು ನೋಡಿದರೆ, ಒಂದು ಗೋಡೆಯಲ್ಲಿ ಎಷ್ಟು ಬಿಳಿಗಳಿವೆ ಎಂದು ಲೆಕ್ಕ ತಪ್ಪುತ್ತದೆ. ಬಿಸಿಲಿನಲ್ಲಿ ಬಿಳಿ ಹಾಳೆ ಇಟ್ಟು ಅದರ ಮೇಲೆ ಪೆನ್ಸಿಲಿನ ನೆರಳು ಬೀಳಿಸಿ ನೋಡಿ. ಆಕಾಶ ತಿಳಿಯಾಗಿದ್ದರೆ ನೆರಳು ನೀಲಿ. ಸೂರ್ಯನ ನೇರ ಬೆಳಕು ತಲುಪದ ಆ ಜಾಗಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ. ‘ನೆರಳು ಕಪ್ಪು’ ಎಂದು ಶಾಲೆಯಿಂದ ಹೇಳಿಕೊಂಡು ಬಂದವರಿಗೆ ಇದು ಮೊದಲ ಸಲ ಕಂಡಾಗ ಸ್ವಲ್ಪ ಮುಜುಗರವಾಗುತ್ತದೆ.

ಮುಸ್ಸಂಜೆಯಲ್ಲಿ ಇನ್ನೊಂದು ನೋಡಬಹುದು. ಕೆಂಪು ಹೂವಿರುವ ಗಿಡದ ಎದುರು ಸೂರ್ಯ ಮುಳುಗುವ ಹೊತ್ತಿಗೆ ಕುಳಿತು ಅರ್ಧ ಗಂಟೆ ಏಳಬೇಡಿ. ದೀಪ ಬೇಡ, ಫೋನಿನ ಪರದೆಯಂತೂ ಬೇಡವೇ ಬೇಡ. ಒಂದು ಸಲ ಪರದೆ ನೋಡಿದರೂ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹಗಲಿನಲ್ಲಿ ಎಲೆಗಿಂತ ಎದ್ದು ಕಾಣುತ್ತಿದ್ದ ಹೂವು ಮೆಲ್ಲಗೆ ಕಪ್ಪಿಡುತ್ತದೆ, ಎಲೆಗಳು ಅದಕ್ಕಿಂತ ತಿಳಿಯಾಗುತ್ತವೆ. ಮಂದ ಬೆಳಕಿನಲ್ಲಿ ಕಣ್ಣಿನ ಬೇರೆ ಬಗೆಯ ಕೋಶಗಳು ಕೆಲಸಕ್ಕಿಳಿಯುತ್ತವೆ, ಅವುಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 19ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದ; ಇಂದಿಗೂ ಇದಕ್ಕೆ ಅವನದೇ ಹೆಸರು. ಅವನ ಬಳಿ ಇದ್ದ ಸಲಕರಣೆ ತನ್ನ ಎರಡು ಕಣ್ಣು ಮತ್ತು ನಸುಕಿನಲ್ಲಿ ನಡೆಯುವ ಅಭ್ಯಾಸ.

ಚಿತ್ರ ಬರೆಯಲು ಮನಸ್ಸಿಲ್ಲದವರು ಇಷ್ಟು ಓದಿ ‘ನಮಗಲ್ಲ’ ಎನ್ನಬೇಕಾಗಿಲ್ಲ. ಇದೇ ಕೆಲಸವನ್ನು ಕಿವಿಗೂ ಕೊಡಬಹುದು. ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರೆ ಶೇಫರ್ ತನ್ನ ವಿದ್ಯಾರ್ಥಿಗಳಿಗೆ ಕಿವಿ ತೊಳೆಯುವ ಪಾಠಗಳನ್ನೇ ಮಾಡುತ್ತಿದ್ದ. ಹತ್ತು ನಿಮಿಷ ಒಂದೆಡೆ ಕುಳಿತು ಕೇಳಿದ್ದನ್ನೆಲ್ಲ ಬರೆಯಿರಿ. ಆದರೆ ‘ಬೈಕು’, ‘ಕಾಗೆ’, ‘ಫ್ಯಾನು’ ಎಂದು ಮೂಲದ ಹೆಸರು ಬರೆಯುವಂತಿಲ್ಲ. ದನಿ ಏರುತ್ತಿದೆಯೋ ಇಳಿಯುತ್ತಿದೆಯೋ, ಒರಟೋ ನುಣುಪೋ, ಎಷ್ಟು ಹೊತ್ತು ಇತ್ತು, ಎಡದಿಂದ ಬಂತೋ ಬಲದಿಂದಲೋ ಎಂದು ಮಾತ್ರ. ಮೊದಲ ಮೂರು ನಿಮಿಷದಲ್ಲಿ ದೊಡ್ಡ ದನಿಗಳು ಮುಗಿದು ‘ಇನ್ನೇನೂ ಇಲ್ಲ’ ಅನ್ನಿಸುತ್ತದೆ. ಎದ್ದುಹೋಗುವುದು ಅಲ್ಲೇ. ಕುಳಿತವರಿಗೆ ನಾಲ್ಕನೆಯ ನಿಮಿಷದಿಂದ ಎರಡನೆಯ ಸಾಲಿನ ದನಿಗಳು ತೆರೆದುಕೊಳ್ಳುತ್ತವೆ: ಗಡಿಯಾರದ ಮುಳ್ಳು, ಬಟ್ಟೆ ಉಜ್ಜುವ ಸದ್ದು, ತಮ್ಮದೇ ಉಸಿರು. ಸಂಯೋಜಕ ಜಾನ್ ಕೇಜ್ 1951ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರತಿಧ್ವನಿರಹಿತ ಕೋಣೆಗೆ ನಿಶ್ಶಬ್ದ ಕೇಳಲೆಂದು ಹೋಗಿ, ಅಲ್ಲಿಯೂ ತನ್ನ ಮೈಯದೇ ಎರಡು ದನಿಗಳನ್ನು ಕೇಳಿ ಬಂದ.

ಬರೆಯುವ ಆಸೆ ಇರುವವರಿಗೆ ಒಂದು ಚಿಕ್ಕ ಕಟ್ಟಳೆ ಸಾಕು. ಕಿಟಕಿಯಿಂದ ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ‘ಸುಂದರ’, ‘ಅದ್ಭುತ’, ‘ಮನಮೋಹಕ’ ಬೇಡ, ‘ಹಾಗೆ’, ‘ಅಂತೆ’ ಎಂಬ ಹೋಲಿಕೆಯೂ ಬೇಡ. ಮೂರನೆಯ ವಾಕ್ಯದ ಹೊತ್ತಿಗೆ ಪೆನ್ನು ನಿಲ್ಲುತ್ತದೆ, ತಲೆ ಎತ್ತಿ ಮತ್ತೆ ಹೊರಗೆ ನೋಡಬೇಕಾಗುತ್ತದೆ. ಹಾಗೆ ತಲೆ ಎತ್ತಿಸುವುದಕ್ಕೇ ಈ ಕಟ್ಟಳೆ.

ಇವನ್ನೆಲ್ಲ ಒಂದು ದಿನ ಮಾಡುವುದು ಸುಲಭ. ಮೂವತ್ತು ದಿನ ಮಾಡುವುದು ಹೇಗೆ ಎಂಬಲ್ಲಿ ಹೆಚ್ಚಿನ ಸಲಹೆಗಳು ಬಾಯಿ ಮುಚ್ಚುತ್ತವೆ. ನಮ್ಮ ಅಭಿಪ್ರಾಯದಲ್ಲಿ, ದಿನಕ್ಕೊಂದು ಹೊಸ ವಸ್ತು ಹುಡುಕುವುದೇ ಅಭ್ಯಾಸ ನಿಲ್ಲಲು ಮೊದಲ ಕಾರಣ. ವಸ್ತು ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ, ಪ್ರತಿ ದಿನವೂ ಮೊದಲ ದಿನವೇ ಆಗಿ ಉಳಿಯುತ್ತದೆ. ಒಂದೇ ವಸ್ತುವನ್ನು ಹಿಡಿಯಿರಿ. ಇಟಲಿಯ ಜಾರ್ಜಿಯೊ ಮೊರಾಂಡಿ (1890–1964) ಬೊಲೊನ್ಯಾ ಊರಿನ ತನ್ನ ಮನೆಯಲ್ಲಿ, ಮಲಗುವ ಕೋಣೆಯೇ ಆಗಿದ್ದ ಚಿತ್ರಶಾಲೆಯಲ್ಲಿ, ದಶಕಗಳ ಕಾಲ ಅವೇ ಬಾಟಲಿ, ಹೂಜಿ, ಡಬ್ಬಗಳನ್ನು ಬರೆದ. ಹೊಳಪು ಕಣ್ಣಿಗೆ ಅಡ್ಡ ಬರಬಾರದೆಂದು ಕೆಲವಕ್ಕೆ ಮಂಕು ಬಣ್ಣ ಬಳಿದ. ಯಾವುದು ಎಲ್ಲಿತ್ತು ಎಂದು ಮೇಜಿಗೆ ಹಾಸಿದ ಕಾಗದದ ಮೇಲೆ ಸುತ್ತುಗೆರೆ ಎಳೆದು ಗುರುತು ಮಾಡಿಕೊಳ್ಳುತ್ತಿದ್ದ. ಒಂದು ಬಾಟಲಿ ಬೆರಳಗಲ ಸರಿದರೂ ಅವನಿಗೆ ಅದು ಬೇರೆ ಚಿತ್ರ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಸುಮಾರು 25 ಸಲ ಬರೆದಾಗ, ಏಕಕಾಲಕ್ಕೆ ಹಲವು ಕ್ಯಾನ್ವಾಸ್ ಇಟ್ಟುಕೊಂಡು ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದ.

ನಿಮ್ಮ ಮೇಜಿನ ಮೇಲಿನ ಒಂದು ಲೋಟ ಇದಕ್ಕೆ ಧಾರಾಳ ಸಾಕು. ಅದನ್ನು ಕಿಟಕಿಯ ಎಡಬೆಳಕಿನಲ್ಲಿ ಬರೆಯಿರಿ, ಮರುದಿನ ಬಲಬೆಳಕಿನಲ್ಲಿ. ಕುಳಿತು ನೋಡಿ, ನಿಂತು ನೋಡಿ. ಲೋಟದ ಬಾಯಿಯ ವಕ್ರ ಬದಲಾಗುವುದನ್ನು ಗಮನಿಸಿ. ಬಾಯಿ ಕಣ್ಣಿನ ಮಟ್ಟಕ್ಕೆ ಬಂದಾಗ ಅದು ಬರೀ ಒಂದು ನೇರ ಗೆರೆ, ಕೆಳಗಿಳಿದಷ್ಟೂ ದುಂಡಗಾಗುತ್ತದೆ. ಹಾಗಾಗಿ ಒಂದೇ ಲೋಟದಲ್ಲಿ ತಳದ ವಕ್ರ ಬಾಯಿಯ ವಕ್ರಕ್ಕಿಂತ ಹೆಚ್ಚು ದುಂಡಗಿರಬೇಕು. ತಳವನ್ನು ಸಪಾಟಾಗಿ ಗೀಚಿದ ಲೋಟಗಳು ಮೇಜಿನ ಮೇಲೆ ಕೂರದೆ ತೇಲುತ್ತವೆ. ಒಂದು ದಿನ ಅರೆಗಣ್ಣು ಮಾಡಿ, ರೆಪ್ಪೆಗಳ ನಡುವಿನಿಂದ ನೋಡಿ. ಚಿಕ್ಕಪುಟ್ಟ ವಿವರಗಳು ಕರಗಿ ಬೆಳಕು, ನೆರಳು ಎಂಬ ಎರಡೇ ರಾಶಿ ಉಳಿಯುತ್ತದೆ. ಅಂದು ಗೆರೆ ಇಲ್ಲದೆ ನೆರಳಿನ ರಾಶಿಯನ್ನಷ್ಟೇ ತುಂಬಿ. ಫೋನಿನ ಕ್ಯಾಮೆರಾಗೂ ಇಲ್ಲೊಂದು ಒಳ್ಳೆಯ ಕೆಲಸವಿದೆ. ಫೋಟೊ ತೆಗೆದದ್ದನ್ನು ನೋಡಿದ್ದೇವೆ ಎಂದು ನಂಬುವ ಚಾಳಿ ಬಿಟ್ಟು, ಚಿತ್ರ ಮುಗಿದ ಮೇಲೆ ಲೋಟವನ್ನೂ ಚಿತ್ರವನ್ನೂ ಕಪ್ಪುಬಿಳುಪಿನಲ್ಲಿ ತೆಗೆದು ಪಕ್ಕದಲ್ಲಿಟ್ಟರೆ ಯಾವ ನೆರಳು ತೆಳುವಾಯಿತು ಎಂದು ಅದು ಮುಲಾಜಿಲ್ಲದೆ ಹೇಳುತ್ತದೆ.

ಸಾಮಾನಿನ ವಿಷಯದಲ್ಲಿ ಎರಡೇ ಮಾತು. ಅಂಗೈಯಲ್ಲಿ ಹಿಡಿಸುವ ಎ6 ಅಳತೆಯ (105×148 ಮಿ.ಮೀ.) ಪುಸ್ತಕ, ಒಂದು 2ಬಿ, ಒಂದು 4ಬಿ. ರಬ್ಬರು ಬೇಡ. ರಬ್ಬರು ಕೈಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಅಳಿಸುವುದಕ್ಕೇ ಹೋಗುತ್ತದೆ. ತಪ್ಪು ಗೆರೆ ಹಾಳೆಯ ಮೇಲೆ ಉಳಿದರೆ ಸರಿ ಗೆರೆಯನ್ನು ಅದರಿಂದಲೇ ಅಳೆಯಬಹುದು. ಚರ್ಮದ ರಟ್ಟಿನ ದುಬಾರಿ ಪುಸ್ತಕ ಕೊಂಡವರು ಮೊದಲ ಹಾಳೆ ಕೆಡಿಸಲು ಹೆದರಿ ಪುಸ್ತಕವನ್ನು ಖಾಲಿ ಇಡುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ತೀರಾ ನುಣುಪಾಗಿದ್ದರೂ ಕಷ್ಟವೇ. ಹೊತ್ತನ್ನು ಈಗಾಗಲೇ ಇರುವ ಒಂದು ಅಭ್ಯಾಸಕ್ಕೆ ಗಂಟುಹಾಕಿ: ಹಲ್ಲುಜ್ಜಿದ ಕೂಡಲೇ, ಬಸ್ಸು ಹತ್ತಿ ಕುಳಿತ ಕೂಡಲೇ. ‘ಬಿಡುವಾದಾಗ’ ಎಂಬ ಹೊತ್ತು ಕ್ಯಾಲೆಂಡರಿನಲ್ಲಿ ಇಲ್ಲ. ಮೊದಲ ತಿಂಗಳು ಯಾವುದನ್ನೂ ಜಾಲತಾಣಕ್ಕೆ ಹಾಕಬೇಡಿ. ನಾಲ್ಕು ಜನರ ಮೆಚ್ಚುಗೆ ಬರುವ ಚಿತ್ರವನ್ನೇ ಮತ್ತೆ ಬರೆಯಲು ಕೈ ಕಲಿಯುತ್ತದೆ, ಕಣ್ಣು ಅಲ್ಲಿಗೆ ನಿಂತಿತು.

ಎರಡು, ಮೂರನೆಯ ವಾರದ ಹೊತ್ತಿಗೆ ಒಂದು ಕೆಟ್ಟ ದಿನ ಬರುತ್ತದೆ, ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಬರೆದದ್ದೆಲ್ಲ ಮೊದಲಿಗಿಂತ ಕೆಟ್ಟಿದೆ ಎಂದು ಖಂಡಿತವಾಗಿ ಅನ್ನಿಸುತ್ತದೆ. ಕೈ ಕೆಟ್ಟಿರುವುದಿಲ್ಲ, ಕಣ್ಣು ಮುಂದೆ ಹೋಗಿರುತ್ತದೆ. ಮೊದಲ ವಾರ ಕಾಣದಿದ್ದ ತಪ್ಪುಗಳು ಈಗ ಕಾಣುತ್ತವೆ, ಅವನ್ನು ತಿದ್ದುವಷ್ಟು ಕೈ ಇನ್ನೂ ಪಳಗಿಲ್ಲ. ಬಿಡುವವರು ಬಿಡುವುದು ಈ ಘಟ್ಟದಲ್ಲೇ, ಅದೂ ಕಲಿಕೆ ನಿಜವಾಗಿ ಶುರುವಾದ ದಿನ. ತಾರೀಖು ಹಾಕಿದ ಹಾಳೆಗಳು ಆಗ ಉಪಯೋಗಕ್ಕೆ ಬರುತ್ತವೆ. ಮೊದಲ ದಿನದ ಲೋಟವನ್ನೂ ಇಂದಿನದನ್ನೂ ಪಕ್ಕದಲ್ಲಿಟ್ಟು ನೋಡಿ. ಹಾಡ್ತಾ ಹಾಡ್ತಾ ರಾಗ ಎಂಬುದು ನಿಜ, ಆದರೆ ರಾಗ ಬರುವ ಮುಂಚೆ ತನ್ನ ಅಪಸ್ವರ ತನಗೆ ಕೇಳಿಸತೊಡಗುತ್ತದೆ ಎಂಬುದನ್ನು ಗಾದೆ ಮಾಡಿದವರು ಹೇಳಲಿಲ್ಲ.

ಅವತ್ತಿನ ಕೆಲಸವನ್ನು ಅವತ್ತೇ ತೂಗಬೇಡಿ. ಬರೆಯುವಾಗ ಏನು ಬರೆಯಬೇಕೆಂದಿದ್ದೆವೋ ಅದೇ ಇನ್ನೂ ಕಣ್ಣಲ್ಲಿ ಕುಣಿಯುತ್ತಿರುತ್ತದೆ. ಒಂದು ರಾತ್ರಿ ಕಳೆಯಲಿ. ಮಾರನೆಯ ದಿನ ಚಿತ್ರವನ್ನು ಕನ್ನಡಿಯಲ್ಲಿ ನೋಡಿ. ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಕೊಟ್ಟ ಸಲಹೆ ಇದು. ಎಡಬಲ ಬದಲಾದಾಗ ಚಿತ್ರ ಬೇರೆ ಯಾರದೋ ಎನ್ನಿಸಿ, ವಾಲಿದ ಲೋಟ, ಏರಿದ ಕಣ್ಣು ಥಟ್ಟನೆ ಎದ್ದು ಕಾಣುತ್ತವೆ. ಕಂಡದ್ದರಲ್ಲಿ ಒಂದನ್ನು ಮಾತ್ರ ಆರಿಸಿ ಮುಂದಿನ ಚಿತ್ರದಲ್ಲಿ ಅದನ್ನಷ್ಟೇ ಗಮನಿಸಿ. ಒಂದೇ ಸಲಕ್ಕೆ ಐದು ತಪ್ಪು ತಿದ್ದಹೊರಟವರು ಒಂದನ್ನೂ ತಿದ್ದುವುದಿಲ್ಲ.

ಮಕ್ಕಳಿರುವ ಮನೆಗೆ ಒಂದು ಮಾತು. ಮಗು ಗೀಚಿದ್ದನ್ನು ತಂದು ತೋರಿಸಿದಾಗ ‘ಇದು ಏನು?’ ಎಂದು ಕೇಳಬೇಡಿ. ಆ ಪ್ರಶ್ನೆಯಿಂದಲೇ ಹೆಸರಿಡುವ ಚಟ ಶುರುವಾಗುತ್ತದೆ. ‘ಈ ಗೆರೆ ಇಲ್ಲಿ ಯಾಕೆ ದಪ್ಪ ಆಯ್ತು?’ ಎಂದು ಕೇಳಿ ನೋಡಿ, ಉತ್ತರ ಉದ್ದವಾಗಿರುತ್ತದೆ.

ಇಷ್ಟೆಲ್ಲ ಮಾಡಿದರೆ ಒತ್ತಡ ಕರಗುತ್ತದೆ, ಕಚೇರಿಯಲ್ಲಿ ಹೊಸ ಹೊಳಹು ಹುಟ್ಟುತ್ತದೆ, ಬಡ್ತಿ ಬರುತ್ತದೆ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವ ಬರಹಗಳ ಮೇಲೂ ಸ್ವಲ್ಪ ಅನುಮಾನವಿರಲಿ. ಒಂದು ಲೋಟ, ಒಂದು ಗೋಡೆ, ಒಂದು ಮುಸ್ಸಂಜೆ ಕಾಣತೊಡಗುತ್ತದೆ ಎಂದಷ್ಟೇ ಭರವಸೆ ಕೊಡಬಹುದು.

ಸಂಪಾದಕರಲ್ಲಿ ನಮ್ಮ ಕೋರಿಕೆ ಚಿಕ್ಕದು. ಮುಂದಿನ ಸಲ ಇಂಥ ಬರಹ ಪ್ರಕಟಿಸುವಾಗ ಅದರ ಪಕ್ಕದಲ್ಲಿ 8ಕ್ಕೆ 12 ಸೆಂ.ಮೀ. ಅಳತೆಯ ಒಂದು ಚೌಕಟ್ಟನ್ನು ಖಾಲಿ ಬಿಡಿ. ಚಿತ್ರ ಬೇಡ, ಜಾಹೀರಾತು ಬೇಡ, ಹಿಂಬದಿಯಲ್ಲಿ ಗಾಢ ಬಣ್ಣದ ಮುದ್ರಣವೂ ಬೇಡ, ಈ ತೆಳು ಕಾಗದದಲ್ಲಿ ಅದು ಇತ್ತ ಕಡೆಗೆ ಇಣುಕುತ್ತದೆ. ಕೆಳಗೆ ಒಂದು ಸಾಲು ಇರಲಿ: ‘ಎದುರಿಗಿರುವ ಕುರ್ಚಿಯ ಖಾಲಿ ಜಾಗಗಳನ್ನು ಇಲ್ಲಿ ಬರೆಯಿರಿ, ಪೆನ್ಸಿಲ್ 4ಬಿ, ಹತ್ತು ನಿಮಿಷ.’ ಇಂಕ್ ಪೆನ್ನು ಬೇಡವೆಂದೂ ಸೇರಿಸಿ. ಪತ್ರಿಕೆಯ ಕಾಗದ ಶಾಯಿಯನ್ನು ಹೀರಿ ಗೆರೆಯ ಅಂಚು ಒಡೆಯುತ್ತದೆ, ಮೆತ್ತನೆಯ ಪೆನ್ಸಿಲಿಗೆ ಮಾತ್ರ ಇದು ಚೆನ್ನಾಗಿ ಒಗ್ಗುತ್ತದೆ.

ಇಂತಿ,
ಚಿತ್ರಕಲೆ ಕಲಿಸುವ ಕೆಲವರು